ಎರಡು ಹಸಿರು ಪೆಟ್ಟಿಗೆಗಳು

ಇಂದು ನಾನು ನಿಮಗೆ ಹೇಳಬೇಕೆಂದಿರುವುದು ಎರಡು ಹಸಿರು ಪೆಟ್ಟಿಗೆಗಳ ವಿಚಾರ. ಒಂದೊಂದೂ ಗೇಣಿಗಿಂತ ಚಿಕ್ಕದು. ಲೋಹದ ಮೈ, ತಲೆಯ ಮೇಲೆ ಮೂರು ಗುಂಡಿಗಳು, ಕಾಲಿನಿಂದ ಒತ್ತುವುದಕ್ಕೆ ಒಂದು ಮೆಟ್ಟು. ವಿದ್ಯುತ್ ಗಿಟಾರನ್ನು ನುಡಿಸುವವರು ಇದನ್ನು ನೆಲದ ಮೇಲೆ ಇಟ್ಟುಕೊಳ್ಳುತ್ತಾರೆ. ಗಿಟಾರಿನಿಂದ ಬಂದ ತಂತಿಯನ್ನು ಇದರ ಒಂದು ಪಕ್ಕಕ್ಕೆ ಸಿಕ್ಕಿಸಿ, ಇನ್ನೊಂದು ಪಕ್ಕದಿಂದ ಧ್ವನಿವರ್ಧಕಕ್ಕೆ ತಂತಿ ಎಳೆಯುತ್ತಾರೆ. ಕಾಲಿನಿಂದ ಒಮ್ಮೆ ಒತ್ತಿದರೆ, ಅದುವರೆಗೆ ಗಂಟೆಯಂತೆ ತಿಳಿಯಾಗಿದ್ದ ದನಿ ಸ್ವಲ್ಪ ಒಡೆದು, ಕಾವೇರಿ, ದೀರ್ಘವಾಗಿ ನಿಲ್ಲುತ್ತದೆ. ಮತ್ತೊಮ್ಮೆ ಒತ್ತಿದರೆ ಮೊದಲಿನಂತಾಗುತ್ತದೆ. ಇದಕ್ಕೆ ಓವರ್‌ಡ್ರೈವ್ ಪೆಡಲ್ ಎಂದು ಹೆಸರು. ನಾನು ಹೇಳುವ ಎರಡೂ ಒಂದೇ ಮನೆತನದವು. ಜಪಾನಿನ ಐಬನೆಜ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಟ್ಯೂಬ್ ಸ್ಕ್ರೀಮರ್‌ಗಳು. ಅಣ್ಣನ ಹೆಸರು ಟಿಎಸ್ 808, ತಮ್ಮನ ಹೆಸರು ಟಿಎಸ್ 9.

ಈ ಸಂಗತಿ ನಮಗೇಕೆ ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ಊರುಗಳ ಮನೆಗಳಲ್ಲಿ ಈಗ ಗಿಟಾರು ಅಪರೂಪದ ವಸ್ತುವಲ್ಲ. ಬೆಂಗಳೂರು ಪಕ್ಕದಲ್ಲಿಯೇ ಇದೆ. ಆ ಊರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್ ತಂಡವೂ 2011ರಲ್ಲಿ ಮೆಟಾಲಿಕಾ ತಂಡವೂ ಬಂದು ನುಡಿಸಿಹೋದವು. ಆಗ ನೆರೆದ ಸಾವಿರಾರು ಹುಡುಗರಲ್ಲಿ ನಮ್ಮ ಊರುಗಳ ಹುಡುಗರು ಇರಲಿಲ್ಲವೆಂದು ಯಾರು ಹೇಳಬಲ್ಲರು? ಗಿಟಾರು ಮನೆಗೆ ಬಂದ ಮೇಲೆ ಅದರ ಹಿಂದೆಯೇ ಒಂದೊಂದಾಗಿ ಬೇಡಿಕೆಗಳು ಬರುತ್ತವೆ. ಹಾಗೆ ಬರುವ ಬೇಡಿಕೆಗಳಲ್ಲಿ ಈ ಹಸಿರು ಪೆಟ್ಟಿಗೆಯೂ ಒಂದು.

ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ನಡೆಸುವ ಒಂದು ಮನೆಯನ್ನು ಎಣಿಸಿಕೊಳ್ಳಿ. ಮಗಳು ಕಾಲೇಜಿನಲ್ಲಿ ಓದುತ್ತಾಳೆ, ಗಿಟಾರು ಕಲಿಯುತ್ತಾಳೆ. ಅವಳಿಗೆ 808 ಬೇಕು. ಅದರ ಬೆಲೆ 9ಕ್ಕಿಂತ ಹೆಚ್ಚು. 1980ರ ಹಿಂದುಮುಂದಿನ ಹಳೆಯ 808 ಆದರಂತೂ ಹಲವು ಪಟ್ಟು ಹೆಚ್ಚು. ಅಪ್ಪ ಎರಡರ ಚಿತ್ರವನ್ನೂ ನೋಡಿ, “ಎರಡೂ ಒಂದೇ ಥರ ಇದೆಯಲ್ಲಮ್ಮ” ಎನ್ನುತ್ತಾನೆ. ಮಗಳು, “ಅಪ್ಪಾ, ನಿನಗೆ ಗೊತ್ತಾಗಲ್ಲ, ಅದರ ದನಿಯೇ ಬೇರೆ” ಎನ್ನುತ್ತಾಳೆ. ಅಪ್ಪ ಸುಮ್ಮನಾಗುತ್ತಾನೆ. ಸುಮ್ಮನಾಗುವುದಕ್ಕೆ ಕಾರಣವೂ ಇದೆ. ಮಗ್ಗದ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರ ಕಿವಿ ಮಂದವಾಗುತ್ತದೆ. ಅದರಲ್ಲಿಯೂ ಮೊದಲು ಮಂಕಾಗುವುದು ತಾರದ ಕಡೆಯ ಶಬ್ದಗಳು, ಸೆಕೆಂಡಿಗೆ 4000 ಕಂಪನದ ಆಸುಪಾಸಿನವು. ಅವಳು ಹೇಳುವ ವ್ಯತ್ಯಾಸ ತನ್ನ ಕಿವಿಗೆ ಕೇಳಿಸದಿದ್ದರೆ ಅದು ಇಲ್ಲವೆಂದು ಅವನು ಹೇಗೆ ಹೇಳಿಯಾನು? ಇಲ್ಲಿ ಇರುವುದು ಬರಿಯ ಹಣದ ಪ್ರಶ್ನೆಯಲ್ಲ. ಮಗಳ ಮಾತನ್ನು ನಂಬಬೇಕೆ, ಬಿಡಬೇಕೆ ಎಂಬ ಪ್ರಶ್ನೆ. ಈ ಮಾತನ್ನು ಜಗಳವಿಲ್ಲದೆ ತೀರಿಸಿಕೊಳ್ಳಲು ಒಂದು ದಾರಿಯಿದೆ. ಅದನ್ನು ಹೇಳುವ ಮೊದಲು ಪೆಟ್ಟಿಗೆಯ ಒಳಗೆ ಏನಿದೆಯೆಂದು ಸ್ವಲ್ಪ ನೋಡೋಣ.

ನಿಮ್ಮಲ್ಲಿ ಹಿರಿಯರಾದವರಿಗೆ ವಾಲ್ವುಗಳ ರೇಡಿಯೋ ನೆನಪಿರಬೇಕು. ಗುಂಡಿ ತಿರುಗಿಸಿದರೆ ಒಳಗಿನ ಗಾಜಿನ ಬುರುಡೆಗಳು ಕೆಂಪಗೆ ಕಾದ ಮೇಲೆ ದನಿ ಬರುತ್ತಿತ್ತು. ಅದರ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದಾಗ ದನಿ ದೊಡ್ಡದಾಗುವುದರ ಜೊತೆಗೆ ಒಡೆದು ಒರಟಾಗುತ್ತಿತ್ತು. ಮನೆಯವರು ಕೂಡಲೆ ತಗ್ಗಿಸು ಎಂದು ಕೂಗುತ್ತಿದ್ದರು. ವಾಲ್ವು ತಾಳಬಲ್ಲುದಕ್ಕಿಂತ ಹೆಚ್ಚು ಕೆಲಸವನ್ನು ಅದರ ಮೇಲೆ ಹೇರಿದರೆ ಆಗುವುದು ಹಾಗೆಯೇ. ಓವರ್‌ಡ್ರೈವ್ ಎಂಬ ಮಾತಿಗೆ ಅರ್ಥವೂ ಅಷ್ಟೇ, ಅಳತೆ ಮೀರಿ ಓಡಿಸುವುದು. ನಾವು ಕೆಟ್ಟದ್ದೆಂದು ತಗ್ಗಿಸುತ್ತಿದ್ದ ಆ ದನಿಯನ್ನೇ ಅಮೆರಿಕ, ಇಂಗ್ಲೆಂಡುಗಳ ಗಿಟಾರುವಾದಕರು ಬೇಕೆಂದು ಹುಡುಕಿಕೊಂಡು ಹೋದರು.

ಹೇಗೆ ಹುಡುಕಿದರೆಂಬುದು ಸ್ವಾರಸ್ಯವಾಗಿದೆ. ಅಮೆರಿಕದ ಲಿಂಕ್ ರೇ ಎಂಬಾತ ‘ರಂಬಲ್’ ಎಂಬ ವಾದ್ಯಕೃತಿಗಾಗಿ ತನ್ನ ಧ್ವನಿವರ್ಧಕದ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಕೊರೆದನಂತೆ. ಆ ತಟ್ಟೆ 1958ರಲ್ಲಿ ಹೊರಬಂತು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ. ನಡುವೆ 1962ರಲ್ಲಿ ಮಾಯೆಸ್ಟ್ರೊ ಫಜ್‌ಟೋನ್ ಎಂಬ ಪೆಟ್ಟಿಗೆ ಮಾರಾಟಕ್ಕೆ ಬಂತು. ಸ್ಪೀಕರನ್ನು ಹರಿಯದೆಯೇ ಹರಿದ ದನಿ ಕೊಡುವ ಪೆಟ್ಟಿಗೆ ಅದು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕೀತ್ ರಿಚರ್ಡ್ಸ್ ಅದನ್ನು ‘ಸ್ಯಾಟಿಸ್‌ಫ್ಯಾಕ್ಷನ್’ ಹಾಡಿನಲ್ಲಿ ಬಳಸಿದ ಮೇಲೆ ಅದರ ಹೆಸರು ಎಲ್ಲೆಡೆ ಹಬ್ಬಿತು.

ಕೆಟ್ಟ ದನಿಯನ್ನು ಹುಡುಕಿಕೊಂಡು ಹೋಗುವುದು ಇದೆಂಥ ರುಚಿ ಎಂದು ನಗಬೇಡಿ. ನಮ್ಮ ತಂಬೂರಿಯನ್ನು ನೋಡಿ. ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದೆಳೆ ದಾರವನ್ನು ತೂರಿಸಿ, ಕೂದಲೆಳೆಯಷ್ಟು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಸರಿಯಾದ ಜಾಗಕ್ಕೆ ತರುತ್ತಾರೆ. ಜೀವಾಳಿ ಎಂದು ಅದಕ್ಕೆ ಹೆಸರು. ದಾರವಿಲ್ಲದೆ ಮೀಟಿದರೆ ತಂಬೂರಿಯ ದನಿ ಮೊಂಡು. ದಾರ ಸರಿಯಾಗಿ ಕುಳಿತಾಗ ತಂತಿ ಕುದುರೆಯ ಇಳಿಜಾರನ್ನು ಸವರಿ ಸವರಿ ನುಡಿಯುತ್ತದೆ, ಝೇಂಕಾರ ಹುಟ್ಟುತ್ತದೆ. ಮಂದ್ರ ಷಡ್ಜದ ತಂತಿಯನ್ನು ಮೀಟಿದರೆ, ಯಾರೂ ಮೀಟದ ಗಾಂಧಾರ ತಾನಾಗಿ ಕೇಳಿಸುತ್ತದೆ. ಸಂಗೀತ ಬಲ್ಲ ಮನೆಗಳಲ್ಲಿ ಇದು ಎಲ್ಲರಿಗೂ ತಿಳಿದ ಮಾತು. ತಂತಿ ನಿರಾತಂಕವಾಗಿ ಆಡುವುದಕ್ಕೆ ಒಂದಿಷ್ಟು ತಡೆಯೊಡ್ಡಿದೆವು. ಅದರಿಂದ ನಾದ ಕೆಡಲಿಲ್ಲ, ತುಂಬಿಕೊಂಡಿತು. ದಾರಕ್ಕೆ ಜೀವಾಳಿ ಎಂದು ಹೆಸರಿಟ್ಟವರು ಸುಮ್ಮನೆ ಇಟ್ಟವರಲ್ಲ.

ಹಸಿರು ಪೆಟ್ಟಿಗೆ ಮಾಡುವ ಕೆಲಸವೂ ಇದೇ ಜಾತಿಯದು. ಅದನ್ನು ತಿಳಿಯಲು ಒಂದು ಕೆರೆಯನ್ನು ನೆನೆಯಿರಿ. ಹೊಸಕೋಟೆಯ ದೊಡ್ಡ ಕೆರೆಯಾಗಲಿ, ದೊಡ್ಡಬಳ್ಳಾಪುರದ ನಾಗರಕೆರೆಯಾಗಲಿ. ಮಳೆ ಎಷ್ಟೇ ಬರಲಿ, ನೀರು ಕೋಡಿಯ ಮಟ್ಟಕ್ಕೆ ಬಂದ ಮೇಲೆ ಹೆಚ್ಚಿನದು ಹರಿದುಹೋಗುತ್ತದೆ. ಪೆಟ್ಟಿಗೆಯೊಳಗೆ ಗಿಟಾರಿನ ಸಣ್ಣ ವಿದ್ಯುತ್ತನ್ನು ಮೊದಲು ದೊಡ್ಡದು ಮಾಡುತ್ತಾರೆ. ಡ್ರೈವ್ ಎಂಬ ಗುಂಡಿಯನ್ನು ತಿರುಗಿಸಿದಂತೆಲ್ಲ ಸುಮಾರು 12 ಪಟ್ಟಿನಿಂದ 118 ಪಟ್ಟಿನವರೆಗೂ ಅದು ಹೆಚ್ಚುತ್ತದೆ. ಆದರೆ ದಾರಿಯಲ್ಲಿ ಎರಡು ಸಿಲಿಕಾನ್ ಡಯೋಡುಗಳನ್ನು ಒಂದಕ್ಕೊಂದು ತಿರುವುಮುರುವಾಗಿ ಕೂರಿಸಿದ್ದಾರೆ. ಇವು ಕೋಡಿಯಿದ್ದಂತೆ. ವಿದ್ಯುತ್ತಿನ ಅಲೆ ಮೇಲಕ್ಕಾಗಲಿ ಕೆಳಕ್ಕಾಗಲಿ ಸುಮಾರು 0.6 ವೋಲ್ಟನ್ನು ಮುಟ್ಟಿತೆಂದರೆ ಡಯೋಡು ತೆರೆದುಕೊಂಡು ಏರಿಕೆಯನ್ನು ತಡೆಯುತ್ತದೆ. ಅಲೆಯ ನೆತ್ತಿ ಉರುಟಾಗಿ ತಗ್ಗುತ್ತದೆ. ಹಾಗೆ ತಗ್ಗಿದ ಅಲೆಯಿಂದ ಮೂಲಸ್ವರದ ಮೂರರಷ್ಟು, ಐದರಷ್ಟು ಕಂಪನದ ಸ್ವರಗಳು ಹೊಸದಾಗಿ ಹುಟ್ಟುತ್ತವೆ. ಮೂರರಷ್ಟು ಎಂದರೆ ಮೇಲಿನ ಪಂಚಮ, ಐದರಷ್ಟು ಎಂದರೆ ಇನ್ನೂ ಮೇಲಿನ ಅಂತರ ಗಾಂಧಾರ. ತಂಬೂರಿಯಲ್ಲಿ ದಾರ ಎಬ್ಬಿಸುವ ಬಳಗದಲ್ಲಿ ಇವೂ ಸೇರಿವೆ.

ಈ ಪೆಟ್ಟಿಗೆಯ ಜಾಣತನ ಇನ್ನೂ ಎರಡು ಕಡೆ ಇದೆ. ಮೊದಲನೆಯದು, ತಗ್ಗಿದ ಅಲೆಯ ಜೊತೆಗೆ ಗಿಟಾರಿನ ಮೂಲ ಅಲೆಯೂ ಸೇರಿಕೊಂಡೇ ಹೊರಗೆ ಬರುತ್ತದೆ. ಆದುದರಿಂದ ಮೆಲ್ಲನೆ ಮೀಟಿದ್ದು ಮೆಲ್ಲನೆಯೇ ಉಳಿಯುತ್ತದೆ, ಬಲವಾಗಿ ಮೀಟಿದ್ದು ಮಾತ್ರ ಒಡೆಯುತ್ತದೆ. ಬೆರಳಿನ ಮರ್ಜಿ ಅಳಿಸಿಹೋಗುವುದಿಲ್ಲ. ಎರಡನೆಯದು, ಸುಮಾರು 720 ಕಂಪನಕ್ಕಿಂತ ಕೆಳಗಿನ ಮಂದ್ರಭಾಗಕ್ಕೆ ಈ ಏರಿಕೆ ಕಡಿಮೆ. ಮಂದ್ರಭಾಗವೂ ಅಷ್ಟೇ ಒಡೆದಿದ್ದರೆ ದನಿ ಕೆಸರಾಗುತ್ತಿತ್ತು. ಮುಂದೆ ತಾರಭಾಗವನ್ನೂ ಅಷ್ಟಿಷ್ಟು ತಗ್ಗಿಸುತ್ತಾರೆ. ಹೀಗಾಗಿ ನಡುವಣ ದನಿ ಎದ್ದು ನಿಂತು, ಹತ್ತು ವಾದ್ಯಗಳ ಮಧ್ಯೆಯೂ ಗಿಟಾರು ಬೇರೆಯಾಗಿ ಕೇಳಿಸುತ್ತದೆ. ಒಂದು ಮಿತಿಯೂ ಉಂಟು. ಒಂದೊಂದೇ ಸ್ವರ ನುಡಿಸಿದರೂ, ಷಡ್ಜ ಪಂಚಮಗಳನ್ನು ಕೂಡಿಸಿ ನುಡಿಸಿದರೂ ಸೊಗಸು. ಹಲವು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಅವು ಒಂದಕ್ಕೊಂದು ತಾಗಿ ಬೇಡದ ಸ್ವರಗಳು ಹುಟ್ಟಿ ಗೊಂದಲವಾಗುತ್ತದೆ.

ಈಗ ನಮ್ಮ ಅಣ್ಣತಮ್ಮಂದಿರ ವಿಚಾರಕ್ಕೆ ಬರೋಣ. ಟಿಎಸ್ 808 ಹೊರಬಂದದ್ದು 1979ರಲ್ಲಿ. ಅದನ್ನು ರೂಪಿಸಿದವರು ಸುಸುಮು ತಮುರ ಎಂಬ ಜಪಾನೀ ತಜ್ಞರು. ತಯಾರಿಸಿದ್ದು ಮ್ಯಾಕ್ಸನ್ ಎಂಬ ಹೆಸರಿನಿಂದ ತಾನೂ ಪೆಡಲು ಮಾರುತ್ತಿದ್ದ ನಿಶಿನ್ ಸಂಸ್ಥೆ. ಟ್ಯೂಬ್ ಎಂದರೆ ವಾಲ್ವು, ಸ್ಕ್ರೀಮರ್ ಎಂದರೆ ಕಿರಿಚುವವನು. ಹೆಸರು ಹಾಗಿದ್ದರೂ ಪೆಟ್ಟಿಗೆಯಲ್ಲಿ ವಾಲ್ವು ಒಂದೂ ಇಲ್ಲ. 4558 ಎಂಬ ಎಂಟು ಕಾಲಿನ ಒಂದು ಚಿಪ್ಪು, ಕೆಲವು ಟ್ರಾನ್ಸಿಸ್ಟರುಗಳು, ಹೊಟ್ಟೆಪಾಡಿಗೆ ಒಂದು 9 ವೋಲ್ಟಿನ ಬ್ಯಾಟರಿ. 1982ರಲ್ಲಿ ಟಿಎಸ್ 9 ಬಂತು. ಎರಡರ ತಯಾರಿಕೆಯೂ ಒಮ್ಮೆ ನಿಂತುಹೋಗಿ, 9 ಮತ್ತೆ 1990ರ ದಶಕದ ಆರಂಭದಲ್ಲಿಯೂ 808 ಮತ್ತೆ 2004ರಲ್ಲಿಯೂ ಅಂಗಡಿಗೆ ಬಂದವು.

ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಕಣ್ಣಿಗೆ ಮೊದಲು ಕಾಣುವುದು ಮೆಟ್ಟಿನ ವ್ಯತ್ಯಾಸ. 808ರಲ್ಲಿ ಚೌಕವಾದ ಒಂದು ಸಣ್ಣ ಗುಂಡಿ. 9ರಲ್ಲಿ ಪೆಟ್ಟಿಗೆಯ ಅಗಲಕ್ಕೂ ಹರಡಿದ ಹಲಗೆಯಂಥ ಮೆಟ್ಟು. ಕತ್ತಲಿನ ವೇದಿಕೆಯ ಮೇಲೆ ಅಗಲವಾದ ಮೆಟ್ಟನ್ನು ಕಾಲು ಸುಲಭವಾಗಿ ಹುಡುಕಿಕೊಳ್ಳುತ್ತದೆ. ಒಳಗೆ ಬಿಚ್ಚಿ ನೋಡಿದರೆ ಮೊದಲಿನಿಂದ ಹಿಡಿದು ಮುಕ್ಕಾಲು ದಾರಿಯವರೆಗೂ ಒಂದೇ. ಅದೇ ಏರಿಕೆ, ಅದೇ ಡಯೋಡು, ಅದೇ 720ರ ಲೆಕ್ಕ. ಕಟ್ಟಕಡೆಯಲ್ಲಿ, ದನಿ ಪೆಟ್ಟಿಗೆಯನ್ನು ಬಿಟ್ಟು ಹೊರಡುವ ಬಾಗಿಲಲ್ಲಿ, ಎರಡು ರೆಸಿಸ್ಟರುಗಳು ಬೇರೆ. 808ರಲ್ಲಿ ಅವು 100 ಓಮ್ ಮತ್ತು 10,000 ಓಮ್. 9ರಲ್ಲಿ 470 ಓಮ್ ಮತ್ತು 1,00,000 ಓಮ್. ಮೂಲ ವಿನ್ಯಾಸದಲ್ಲಿ ದನಿಗೆ ಸಂಬಂಧಪಟ್ಟ ಮುಖ್ಯ ವ್ಯತ್ಯಾಸ ಇಷ್ಟೇ.

ಈ ಎರಡು ರೆಸಿಸ್ಟರುಗಳ ಮೇಲೆ ನಲವತ್ತು ವರ್ಷಗಳಿಂದ ಚರ್ಚೆ ನಡೆದಿದೆ. 808 ಮೃದು, ಸಿಹಿ, ಬೆಚ್ಚಗೆ ಎನ್ನುತ್ತಾರೆ. 9 ಹೊಳಪು, ಚೂಪು, ಸ್ವಲ್ಪ ಒರಟು ಎನ್ನುತ್ತಾರೆ. ಹಾಗೆನ್ನುವವರಲ್ಲಿ ಒಳ್ಳೆಯ ವಾದಕರೂ ಇದ್ದಾರೆ. ಅವರ ಮಾತನ್ನು ಹಗುರವಾಗಿ ತೆಗೆದುಹಾಕಬಾರದು. ಆದರೆ ಲೆಕ್ಕವನ್ನೂ ಕೇಳಬೇಕಷ್ಟೆ. ಗಿಟಾರಿನ ಧ್ವನಿವರ್ಧಕದ ಬಾಗಿಲು ಸಾಮಾನ್ಯವಾಗಿ 10 ಲಕ್ಷ ಓಮಿನದು. ಅಷ್ಟು ದೊಡ್ಡ ತಡೆಯ ಮುಂದೆ ಈ ನೂರು, ನಾನೂರ ಎಪ್ಪತ್ತುಗಳು ಬಹಳ ಚಿಕ್ಕವು. ಬೇರೆಲ್ಲವೂ ಸಮನಾಗಿದ್ದರೆ, ಎರಡರಿಂದಲೂ ಬರುವ ವೋಲ್ಟಿನಲ್ಲಿ ಶೇಕಡ ಒಂದರಷ್ಟೂ ಅಂತರವಿರುವುದಿಲ್ಲ. ದನಿಯ ಎತ್ತರದಲ್ಲಿ ಸಾಧಾರಣ ಕಿವಿ ಗುರುತಿಸುವ ಒಂದು ಡೆಸಿಬೆಲ್ ಅಂತರಕ್ಕೆ ವೋಲ್ಟು ಶೇಕಡ 12ರಷ್ಟು ಬೇರೆಯಾಗಬೇಕು.

ಹಾಗಾದರೆ ಅಷ್ಟು ಜನ ಕೇಳಿದ್ದು ಸುಳ್ಳೆ? ಸುಳ್ಳೆಂದು ಹೇಳಲಾರೆ. ಇನ್ನೊಂದು ಕಾರಣವನ್ನು ನೋಡಿ. ಈ ಪೆಟ್ಟಿಗೆಗಳ ಗುಂಡಿಗಳ ಕೆಳಗಿರುವ ತಿರುಗುವ ರೆಸಿಸ್ಟರುಗಳನ್ನು ಸಾಮಾನ್ಯವಾಗಿ ಶೇಕಡ 20ರಷ್ಟು ಹೆಚ್ಚುಕಡಿಮೆಗೆ ಅವಕಾಶವಿಟ್ಟು ತಯಾರಿಸುತ್ತಾರೆ. ಎರಡು ಪೆಟ್ಟಿಗೆಗಳಲ್ಲಿಯೂ ಗುಂಡಿಯನ್ನು ನಡುಮಧ್ಯಕ್ಕೆ ನಿಲ್ಲಿಸಿದರೆ ಎರಡೂ ಒಂದೇ ಅಳತೆಯಲ್ಲಿವೆ ಎಂದಲ್ಲ. ಎರಡು 808ಗಳನ್ನೇ ಪಕ್ಕದಲ್ಲಿಟ್ಟರೂ ಒಂದು ತುಸು ಗಟ್ಟಿ, ಒಂದು ತುಸು ಮೆತ್ತಗೆ ಇರಬಹುದು. ಕಿವಿ ಕೇಳಿದ್ದು ನಿಜವಾದ ವ್ಯತ್ಯಾಸವೇ. ಆದರೆ ಅದು 808ಕ್ಕೂ 9ಕ್ಕೂ ಇರುವ ವ್ಯತ್ಯಾಸವೋ, ಈ ಗುಂಡಿಗೂ ಆ ಗುಂಡಿಗೂ ಇರುವ ವ್ಯತ್ಯಾಸವೋ ಎಂಬುದು ಬೇರೆ ಮಾತು.

ಅದೂ ಅಲ್ಲದೆ ಕಿವಿಗೆ ಒಂದು ದೌರ್ಬಲ್ಯವಿದೆ. ಎರಡು ದನಿಗಳಲ್ಲಿ ಒಂದು ಕೊಂಚ ಗಟ್ಟಿಯಾಗಿದ್ದರೆ, ಗಟ್ಟಿಯಾಗಿದೆ ಎಂದು ನಮಗೆ ತೋರುವುದಿಲ್ಲ. ಚೆನ್ನಾಗಿದೆ ಎಂದು ತೋರುತ್ತದೆ. ತುಂಬಿದೆ, ಬಿಚ್ಚಿದೆ, ಜೀವವಿದೆ ಎಂದು ಹೊಗಳುತ್ತೇವೆ. ಇದರ ಮೇಲೆ ಕಣ್ಣೂ ಸೇರಿಕೊಳ್ಳುತ್ತದೆ. ಇದು ಹೆಚ್ಚು ಬೆಲೆಯದು, ಇದು ಹಳೆಯದು, ಇದನ್ನು ಇಂಥವರು ನುಡಿಸಿದ್ದರು ಎಂದು ತಿಳಿದ ಮೇಲೆ ಕಿವಿ ತಾನೊಂದೇ ತೀರ್ಪು ಕೊಡುವುದಿಲ್ಲ. ಮದುವೆಮನೆಯಲ್ಲಿ ಬೆಳ್ಳಿ ಲೋಟದಲ್ಲಿ ಕೊಟ್ಟ ಕಾಫಿ ಹೆಚ್ಚು ರುಚಿಯಾಗಿರುತ್ತದೆಯಲ್ಲವೆ, ಹಾಗೆ. ಇಂಥವರು ನುಡಿಸಿದ್ದರು ಎಂಬ ಮಾತೇ ಬಂದರೆ, 1990ರಲ್ಲಿ ತೀರಿಕೊಂಡ ಟೆಕ್ಸಾಸಿನ ಸ್ಟೀವಿ ರೇ ವಾನ್ ಎಂಬ ಹೆಸರಾಂತ ವಾದಕ ಮೊದಲು 808ನ್ನೂ ಆಮೇಲೆ 9ನ್ನೂ ಬಳಸಿದ. ಎರಡರಲ್ಲಿಯೂ ಜನ ಗುರುತು ಹಿಡಿದದ್ದು ಅವನ ಕೈಯನ್ನು.

ಇಲ್ಲಿ ರೇಡಿಯೋ ಕೇಳುವ ಮನೆಯವರಾದ ನಿಮಗೆ ಒಂದು ಅನುಕೂಲವಿದೆ. ರೇಡಿಯೋ ಒಂದು ಪರದೆ. ಹಾಡುವವರು ರೇಷ್ಮೆ ಉಟ್ಟಿದ್ದಾರೆಯೋ ಹತ್ತಿ ಉಟ್ಟಿದ್ದಾರೆಯೋ, ವಯಸ್ಸೆಷ್ಟು, ಪಕ್ಕವಾದ್ಯದವರು ತಲೆದೂಗಿದರೋ ಇಲ್ಲವೋ, ನಿಮಗೆ ಕಾಣಿಸುವುದಿಲ್ಲ. ಕೇಳಿಸಿದ್ದು ಎಷ್ಟೋ ಅಷ್ಟೇ. ಆಕಾಶವಾಣಿಯ ಸಂಗೀತದ ಧ್ವನಿಪರೀಕ್ಷೆಯಲ್ಲಿ ಹಾಡಿದವರು ಯಾರೆಂದು ತೀರ್ಪುಗಾರರಿಗೆ ತಿಳಿಸದೆ ಕೇಳಿಸುವ ಪದ್ಧತಿ ಬಂದದ್ದೂ ಇದಕ್ಕಾಗಿಯೇ. 1935ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮನಸ್ಸನ್ನು ಬಲ್ಲವರು ರೇಡಿಯೋ ನಡೆಸಿದ್ದು ಒಳ್ಳೆಯ ಜೋಡಿಯೇ ಸರಿ. ಕೇಳುವ ಕೆಲಸದಲ್ಲಿ ಕಿವಿಯಷ್ಟೇ ಪಾಲು ಮನಸ್ಸಿಗೂ ಇದೆ.

ಆ ಪದ್ಧತಿಯನ್ನು ಮನೆಗೆ ತಂದುಕೊಳ್ಳಿ. ಮಾಡುವ ಕ್ರಮ ಹೀಗೆ. ಎರಡು ಪೆಟ್ಟಿಗೆಗಳೂ ಕೈಗೆ ಸಿಗುವ ಕಡೆ ಪರೀಕ್ಷೆ ಆಗಬೇಕು. ಅಂಗಡಿಯವರು ಒಪ್ಪಿದರೆ ಅಂಗಡಿಯಲ್ಲಿ, ಇಲ್ಲವೆ ಸ್ನೇಹಿತರಿಂದ ಎರವಲು ತಂದು ಮನೆಯಲ್ಲಿ. ಗಿಟಾರೂ ಧ್ವನಿವರ್ಧಕವೂ ಬದಲಾಗಬಾರದು. ಮೊದಲು ಎರಡರ ದನಿಯ ಎತ್ತರವನ್ನು ಸಮ ಮಾಡಿಕೊಳ್ಳಬೇಕು. ಗುಂಡಿಯ ಗೆರೆಯನ್ನು ನಂಬಬೇಡಿ. ಒಂದೇ ಸ್ವರವನ್ನು ಒಂದೇ ಬಲದಿಂದ ಮೀಟುತ್ತ, ಎರಡೂ ಒಂದೇ ಗಟ್ಟಿಯಾಗುವವರೆಗೆ ಹೊಂದಿಸಿ. ಮೊಬೈಲಿನಲ್ಲಿ ಸದ್ದು ಅಳೆಯುವ ಅನುಕೂಲವಿದ್ದರೆ ಅದನ್ನೂ ಬಳಸಿಕೊಳ್ಳಿ. ಮೊನಚು ಮೃದುಗಳನ್ನು ತಿದ್ದುವ ಟೋನ್ ಗುಂಡಿಯನ್ನೂ ಹಾಗೆಯೇ ಕಿವಿಯಿಂದ ಹೊಂದಿಸಿ. ಆಮೇಲೆ ನುಡಿಸುವವರು ಪೆಟ್ಟಿಗೆಯ ಕಡೆಗೆ ಬೆನ್ನು ಮಾಡಿ ಕೂರಬೇಕು. ಇನ್ನೊಬ್ಬರು ನಾಣ್ಯ ಚಿಮ್ಮಿ, ತಲೆ ಬಿದ್ದರೆ 808, ಬಾಲ ಬಿದ್ದರೆ 9 ಎಂದು ತಂತಿ ಸಿಕ್ಕಿಸಿ, ಯಾವುದೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ತಂತಿ ಬದಲಿಸುವಾಗ ಧ್ವನಿವರ್ಧಕವನ್ನು ತಗ್ಗಿಸಿ, ಬದಲಿಸಿದ ಮೇಲೆ ಮೊದಲಿನ ಅಳತೆಗೇ ತನ್ನಿ. ಬಾಯಿ ಬಿಡಬಾರದು, ನಗಬಾರದು. ಒಂದೇ ಪೆಟ್ಟಿಗೆ ಮೂರು ಸಲ ಮೇಲಿಂದ ಮೇಲೆ ಬಂದರೂ ನಾಣ್ಯ ಹೇಳಿದ್ದೇ ಆಗಬೇಕು. ಹೀಗೆ ಹತ್ತು ಸಲ. ನುಡಿಸಿದವರು ಪ್ರತಿಸಲವೂ ಇದು ಯಾವುದೆಂದು ಹೇಳುತ್ತಾರೆ. ಕಡೆಯಲ್ಲಿ ಎರಡು ಪಟ್ಟಿಗಳನ್ನೂ ತಾಳೆ ನೋಡಿ.

ಹತ್ತರಲ್ಲಿ ಒಂಬತ್ತೋ ಹತ್ತೋ ಸರಿಯಾದರೆ ಸುಮ್ಮನೆ ಊಹೆಯೆಂದು ತಳ್ಳಿಹಾಕಲಾಗದು. ಬರಿಯ ಊಹೆಯಿಂದ ಅಷ್ಟು ಸರಿಯಾಗುವ ಸಂಭವ 1024ರಲ್ಲಿ 11, ಅಂದರೆ ನೂರಕ್ಕೆ ಸುಮಾರು ಒಂದು. ಎಂಟು ಸರಿಯಾದರೆ ಇನ್ನೊಮ್ಮೆ ಹತ್ತು ಸಲ ಮಾಡಿ ನೋಡುವುದು ಮೇಲು. ಎಂಟು ಅಥವಾ ಅದಕ್ಕಿಂತ ಹೆಚ್ಚು ಊಹೆಯಿಂದಲೇ ಬರುವ ಸಂಭವ ಹದಿನೆಂಟಕ್ಕೆ ಒಂದರಷ್ಟಿದೆ. ನಾಲ್ಕು, ಐದು, ಆರು ಬಂದರೆ ಇಂದಿನ ಮಟ್ಟಿಗೆ ಆ ಕಿವಿಗೆ ಎರಡೂ ಒಂದೇ ಎಂದು ತಿಳಿಯಬೇಕು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೇರೆಬೇರೆ ಕೋಡಿಯ ಪೆಟ್ಟಿಗೆಯನ್ನು ಇಟ್ಟರೆ ಅದೇ ಕಿವಿ ಗುರುತಿಸೀತು. ಬಾಸ್ ಎಂಬ ಇನ್ನೊಂದು ಜಪಾನೀ ಹೆಸರಿನಲ್ಲಿ 1981ರಲ್ಲಿ ಬಂದ ಎಸ್‌ಡಿ 1ರಲ್ಲಿ ಅಲೆಯ ಒಂದು ಬದಿಗೆ ಎರಡು ಡಯೋಡು, ಇನ್ನೊಂದು ಬದಿಗೆ ಒಂದೇ. ಮೇಲಿನ ಕೋಡಿಗೂ ಕೆಳಗಿನ ಕೋಡಿಗೂ ಎತ್ತರ ಬೇರೆಯಾದ್ದರಿಂದ, ಎರಡರಷ್ಟು, ನಾಲ್ಕರಷ್ಟು ಕಂಪನದ ಸ್ವರಗಳೂ ಅದರಲ್ಲಿ ಹುಟ್ಟುತ್ತವೆ. ಅಂಥ ವ್ಯತ್ಯಾಸ ಪೆಟ್ಟಿಗೆಯ ಹೊಟ್ಟೆಯಲ್ಲಿಯೇ ಇದೆ. ಹೋಲಿಕೆ ಮಾಡುವುದಾದರೆ ಅದನ್ನೂ ಒಮ್ಮೆ ಕೇಳಿನೋಡುವುದು ಒಳ್ಳೆಯದು.

ಈ ಪರೀಕ್ಷೆಯ ಗುಣವೇನೆಂದರೆ, ಇದರಲ್ಲಿ ಅಪ್ಪನ ಕಿವಿ ಚುರುಕಾಗಿರಬೇಕಾದ ಅಗತ್ಯವೇ ಇಲ್ಲ. ಮಗ್ಗದ ಸದ್ದು ಕಸಿದುಕೊಂಡದ್ದನ್ನು ಅವನು ಕೇಳಬೇಕಾಗಿಲ್ಲ. ನಾಣ್ಯ ಚಿಮ್ಮಿ, ತಂತಿ ಸಿಕ್ಕಿಸಿ, ಕಾಗದದ ಮೇಲೆ ಗುರುತು ಹಾಕಿದರೆ ಸಾಕು. ಮಗಳ ಮಾತು ನಿಜವಾದರೆ ಕಾಗದವೇ ಸಾಕ್ಷಿ. ಆಗ ಹೆಚ್ಚಿನ ಬೆಲೆ ಕೊಡುವುದಕ್ಕೆ ಒಂದು ಅರ್ಥವಿದೆ. ನಿಜವಲ್ಲದಿದ್ದರೆ ಸೋತವರು ಯಾರೂ ಇಲ್ಲ. ಅವಳು ಅಪ್ಪನಿಗೆ ಸೋಲಲಿಲ್ಲ, ತನ್ನ ಕಿವಿಯನ್ನೇ ಒಂದಿಷ್ಟು ಹೆಚ್ಚು ತಿಳಿದುಕೊಂಡಳು. ಎರಡರಲ್ಲಿ ಯಾವುದಾದರೂ, “ನಿನಗೆ ಗೊತ್ತಾಗಲ್ಲ” ಎಂಬ ಮಾತನ್ನು ಆ ಮನೆಯಲ್ಲಿ ಮತ್ತೆ ಆಡುವಂತಿಲ್ಲ.

ಹಣ ಉಳಿದರೆ ಎಲ್ಲಿ ಹಾಕುವುದು ಎಂಬ ಪ್ರಶ್ನೆಗೂ ಉತ್ತರವಿದೆ. ತಂತಿಗಳು ಹಳೆಯದಾಗಿದ್ದರೆ ಹೊಸವು ಹಾಕಿಸಿ. ಅದರಿಂದಾಗುವ ವ್ಯತ್ಯಾಸವನ್ನು ಯಾವ ಪರದೆಯ ಹಿಂದಿನಿಂದಲೂ ಗುರುತಿಸಬಹುದು. ಗಿಟಾರಿನ ಶ್ರುತಿ ನಿಲ್ಲದಿದ್ದರೆ ಬಿರಡೆಗಳನ್ನು ರಿಪೇರಿ ಮಾಡಿಸಿ. ಧ್ವನಿವರ್ಧಕದ ಸ್ಪೀಕರು ಚೆನ್ನಾಗಿಲ್ಲದಿದ್ದರೆ ಪೆಟ್ಟಿಗೆ ಎಂಥದಾದರೂ ವ್ಯರ್ಥ. ಇನ್ನೂ ಮಿಕ್ಕರೆ ಪಾಠ ಹೇಳುವವರಿಗೆ ಕೊಡಿ.

ಪೆಟ್ಟಿಗೆ ಮನೆಗೆ ಬಂದ ಮೇಲೆ ನೆರೆಮನೆಯವರ ವಿಚಾರವೂ ಇದೆ. ಇಲ್ಲಿ ಓವರ್‌ಡ್ರೈವ್ ಪೆಡಲು ನಮ್ಮ ಕಡೆಯೇ. ಹಿಂದೆ ಒಡೆದ ದನಿ ಬೇಕೆಂದರೆ ವಾಲ್ವಿನ ಧ್ವನಿವರ್ಧಕವನ್ನು ಬೀದಿ ನಡುಗುವಷ್ಟು ಜೋರು ಮಾಡಬೇಕಾಗಿತ್ತು. ಈಗ ಕೋಡಿ ಪೆಟ್ಟಿಗೆಯೊಳಗೇ ಇರುವುದರಿಂದ, ಡ್ರೈವ್ ಗುಂಡಿಯನ್ನು ಏರಿಸಿ ಹೊರಗಿನ ದನಿಯನ್ನು ತಗ್ಗಿಸಿದರೆ, ಕೋಣೆಯೊಳಗಿನ ಮಾತಿನಷ್ಟೇ ಮೆಲ್ಲಗೆ ಅದೇ ಒಡೆದ ನಾದ ಸಿಗುತ್ತದೆ. 2000ದಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಗಳಿಗೆ ಹಗಲು 55, ರಾತ್ರಿ 45 ಡೆಸಿಬೆಲ್‌ಗಳ ಮಿತಿಯಿದೆ. ರಾತ್ರಿಯೆಂದರೆ ಹತ್ತರಿಂದ ಬೆಳಿಗ್ಗೆ ಆರರವರೆಗೆ. ಕಾಯಿದೆಯ ಮಾತು ಹಾಗಿರಲಿ, ಮಕ್ಕಳ ಕಿವಿಯ ಮಾತು ದೊಡ್ಡದು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂದು ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಂದೆ ಪ್ರತಿ ಮೂರು ಡೆಸಿಬೆಲ್ ಹೆಚ್ಚಾದಾಗಲೂ ಕಾಲ ಅರ್ಧಕ್ಕೆ ಇಳಿಯುತ್ತದೆ. 94ಕ್ಕೆ ಒಂದೇ ಗಂಟೆ. ಅಪ್ಪ ಹೊಟ್ಟೆಪಾಡಿಗಾಗಿ ಮಗ್ಗದ ಮುಂದೆ ಕಳೆದುಕೊಂಡದ್ದನ್ನು ಮಗಳು ಸಂತೋಷಕ್ಕಾಗಿ ಧ್ವನಿವರ್ಧಕದ ಮುಂದೆ ಕಳೆದುಕೊಳ್ಳಬಾರದು. ಕಿವಿಯನ್ನು ಕಾಪಾಡಿಕೊಂಡರೆ ತಾನೆ 808ಕ್ಕೂ 9ಕ್ಕೂ ಭೇದವುಂಟೋ ಇಲ್ಲವೋ ಎಂದು ವಾದಿಸುವುದು?

ಇದೆಲ್ಲ ಹೊರಗಿನ ಸಂಗೀತ, ನಮ್ಮದಲ್ಲ ಎಂಬ ಮಾತು ಕೆಲವರ ಮನಸ್ಸಿನಲ್ಲಿ ಇರಬಹುದು. ಪಿಟೀಲು ಹೊರಗಿನಿಂದ ಬಂತು. ಇಂದು ಅದಿಲ್ಲದೆ ಕಚೇರಿಯಿಲ್ಲ. ಸ್ಯಾಕ್ಸೊಫೋನನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಟ್ಟ ಕದ್ರಿ ಗೋಪಾಲನಾಥರು 2019ರಲ್ಲಿ ತೀರಿಕೊಂಡಾಗ ಅದನ್ನು ಹೊರಗಿನ ವಾದ್ಯವೆಂದು ಯಾರೂ ಅನ್ನಲಿಲ್ಲ. 2008ರಲ್ಲಿ ಹೊರಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದಗಳು ಗಿಟಾರಿನ ಜೊತೆಗೆ ಕೇಳಿಬಂದವು. ತಂಬೂರಿ ಹಿಡಿದು ಹಾಡುತ್ತಿದ್ದ ಪದಗಳನ್ನು ಗಿಟಾರು ಹಿಡಿದ ಹುಡುಗರು ಕಲಿತರು. ತಂತಿಯನ್ನು ಬೆರಳಿನಿಂದ ಎಳೆದು ಸ್ವರದಿಂದ ಸ್ವರಕ್ಕೆ ಜಾರಿಸುವುದು ವೀಣೆಯವರಿಗೆ ಹೊಸದಲ್ಲ, ಗಿಟಾರಿನವರಿಗೂ ಹೊಸದಲ್ಲ. ಹಸಿರು ಪೆಟ್ಟಿಗೆ ಸ್ವರವನ್ನು ದೀರ್ಘವಾಗಿ ನಿಲ್ಲಿಸುವುದರಿಂದ ಗಮಕಕ್ಕೆ ಗಿಟಾರಿನಲ್ಲಿ ಹೆಚ್ಚು ಜಾಗ ಸಿಗುತ್ತದೆ. ಮೋಹನವನ್ನೋ ಹಿಂದೋಳವನ್ನೋ ಒಂದೊಂದೇ ಸ್ವರವಾಗಿ ಅದರಲ್ಲಿ ನುಡಿಸಿ ನೋಡುವಂತೆ ನಿಮ್ಮ ಮಕ್ಕಳಿಗೆ ಹೇಳಿ.

ಒಟ್ಟಿನಲ್ಲಿ ನಾನು ಹೇಳುವುದಿಷ್ಟೆ. ಒಂದೇ ತರಹದ ಎರಡು ವಸ್ತುಗಳಲ್ಲಿ ಯಾವುದು ಮೇಲೆಂದು ಕೇಳುವ ಮೊದಲು, ಅವುಗಳ ಭೇದವನ್ನು ನನ್ನ ಕಿವಿ ಹಿಡಿಯುತ್ತದೆಯೇ ಎಂದು ಕೇಳಿಕೊಳ್ಳಬೇಕು. ಹಿಡಿದರೆ ಹೆಚ್ಚು ಬೆಲೆ ಕೊಡಿ, ಸಂತೋಷದಿಂದ ಕೊಡಿ. ಹಿಡಿಯದಿದ್ದರೆ ಕಡಿಮೆ ಬೆಲೆಯದನ್ನು ಕೊಂಡು ಮನೆಗೆ ಬನ್ನಿ. ಅಗಲವಾದ ಮೆಟ್ಟು ಕಾಲಿಗೂ ಸುಲಭ. ಪರೀಕ್ಷೆಗೆ ಬೇಕಾದದ್ದು ಒಂದು ನಾಣ್ಯ, ಒಂದು ಕಾಗದ, ಅರ್ಧ ಗಂಟೆಯ ಬಿಡುವು. ಭಾನುವಾರ ಮಧ್ಯಾಹ್ನ, ಮಗ್ಗಗಳು ನಿಂತ ಹೊತ್ತಿನಲ್ಲಿ ಮಾಡಿದರೆ ಒಳ್ಳೆಯದು.